ಕಾಯೋಣ ಅಂದ್ರೆ ತಾರೀಕೇ ಇಲ್ಲ!

ನಿನ್ನೆ ಸಂಜೆ ಅರಸು ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ನೋಡಿದ್ದನ್ನು ಇಲ್ಲಿ ಕಾರಿಕೊಳ್ಳದಿದ್ದರೆ ನನಗೆ ಇವತ್ತು ಊಟ ಸೇರೋಲ್ಲ.

ಇಬ್ಬರು ಹುಡುಗಿಯರು, ಒಂಬತ್ತನೇ ಕ್ಲಾಸೋ ಹತ್ತೋ ಇರಬೇಕು, ಯೂನಿಫಾರ್ಮಿನಲ್ಲೇ ಬಂದು ಕೌಂಟರಿನ ಹುಡುಗನನ್ನು ಅಡ್ಡ ಹಾಕಿಕೊಂಡಿದ್ದರು. ಯಾವುದೋ ಇಂಗ್ಲಿಷ್ ಸರಣಿಯ ಮುಂದಿನ ಭಾಗ ಬೇಕಂತೆ. ಅದಿನ್ನೂ ಬಂದಿಲ್ಲ. ಬಂದಿಲ್ಲ ಅನ್ನೋದು ಅವನಿಗಿಂತ ಇವರಿಗೇ ಚೆನ್ನಾಗಿ ಗೊತ್ತು. ಯಾವ ತಾರೀಕಿಗೆ ಬರುತ್ತೆ ಅನ್ನೋದೂ ಬಾಯಿಪಾಠ. ತಗಾದೆ ಇದ್ದದ್ದು ಒಂದೇ: ಮೈಸೂರಿಗೆ ಅವತ್ತೇ ಬರುತ್ತಾ, ಇಲ್ಲಾ ಬೆಂಗಳೂರಿನವರು ಓದಿ ಕಥೆಯೆಲ್ಲಾ ಹೇಳಿ ಮುಗಿಸಿದ ಮೇಲಾ? ಒಬ್ಬಳು ಅಮ್ಮನ ಫೋನ್ ಕಿತ್ತುಕೊಂಡು ಮುಖಪುಟ ತೋರಿಸಿದಳು. ಹಾಳೆಗಳ ಅಂಚಿಗೆಲ್ಲ ಬಣ್ಣ ಬಳಿದ ಪ್ರತಿಯೇ ಬೇಕು, ಬೋಳು ಅಂಚಿನದ್ದು ಬೇಡವೇ ಬೇಡ ಅಂತ ಇನ್ನೊಬ್ಬಳ ಹಟ. ಆ ತಾಯಿ ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ.

ಬಾಯಿ ಸುಮ್ಮನಿರಬೇಕಲ್ಲ. "ಕನ್ನಡದಲ್ಲಿ ಈ ವಯಸ್ಸಿನವರಿಗೆ ಮುಂದೆ ಯಾವ ಕಾದಂಬರಿ ಬರ್ತಾ ಇದೆಯಪ್ಪಾ?" ಅಂತ ಕೇಳಿದೆ.

"ಮುಂದೆ ಅಂದ್ರೆ... ಮುಂದಿನ ರ್‍ಯಾಕಲ್ಲಿದೆ ನೋಡಿ ಮೇಡಂ."

ಪಾಪ, ಅವನದೇನೂ ತಪ್ಪಿಲ್ಲ. ಅವನು ತೋರಿಸಿದ ರ್‍ಯಾಕಿನಲ್ಲಿ ಪಂಚತಂತ್ರ, ತೆನಾಲಿ ರಾಮ, ಮಹನೀಯರ ಜೀವನಚರಿತ್ರೆಗಳು, ಮುವ್ವತ್ತು ದಿನದಲ್ಲಿ ಇಂಗ್ಲಿಷ್ ಕಲಿಸೋ ಪುಸ್ತಕ. ಮುಖಪುಟಗಳ ತುಂಬಾ ಮೊಲ. ಹದಿನೈದು ವರ್ಷದ ಹುಡುಗಿ, ಮೊಬೈಲಿಗೆ ಪಾಸ್‌ವರ್ಡ್ ಹಾಕಿಕೊಳ್ಳೋ ವಯಸ್ಸು, ಅವಳಿಗೆ ಮೊಲ ಕೊಡ್ತೀವಿ ನಾವು. ಮೊಲದ ಮೇಲೆ ನನಗೇನೂ ಸಿಟ್ಟಿಲ್ಲ ಬಿಡಿ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಪುಸ್ತಕಕ್ಕೋಸ್ಕರ ಕಾಯೋ ಸುಖವನ್ನೇ ನಾವು ಕೊಟ್ಟಿಲ್ಲ. ಪುಸ್ತಕ ಕೊಡೋದು ಆಮೇಲಿನ ಮಾತು. "ಇಂಥಾ ದಿನ ಇಂಥಾ ಕಥೆ ಬರುತ್ತೆ, ಕಾಯ್ತಾ ಇರು" ಅಂತ ಒಂದು ಮಾತು ಹೇಳೋಕೂ ನಮಗೆ ಬಾಯಿಲ್ಲ.

ಸುಜಾನ್ ಕಾಲಿನ್ಸ್ ಅವರ ಹಂಗರ್ ಗೇಮ್ಸ್ ಸರಣಿ ನೋಡಿ. ಮೊದಲನೆಯದು ಬಂದದ್ದು 2008ರಲ್ಲಿ. ಅದರ ಐದನೇ ಪುಸ್ತಕ 'ಸನ್‌ರೈಸ್ ಆನ್ ದ ರೀಪಿಂಗ್' ಬರುತ್ತೆ ಅಂತ 2024ರ ಜೂನ್‌ನಲ್ಲೇ ಹೇಳಿಬಿಟ್ಟರು, ತಾರೀಕಿನ ಸಮೇತ: 2025ರ ಮಾರ್ಚ್ 18. ಒಂಬತ್ತು ತಿಂಗಳು ಮುಂಚೆ! ಮುಖಪುಟ ತೋರಿಸಿದ್ದೂ ತಿಂಗಳುಗಟ್ಟಲೆ ಮುಂಚೆಯೇ. ಮೊದಲ ವಾರದಲ್ಲೇ ಇಂಗ್ಲಿಷಿನಲ್ಲಿ 15 ಲಕ್ಷ ಪ್ರತಿ ದಾಟಿತು. ಇದರಲ್ಲಿ ನನಗೆ ಮಜಾ ಅನ್ನಿಸೋದು ಏನು ಗೊತ್ತಾ? ಈ ಪುಸ್ತಕದ ನಾಯಕ ಹೇಮಿಚ್ ಅನ್ನೋ ಹುಡುಗ, ಒಬ್ಬರೇ ಉಳಿಯೋವರೆಗೂ ಮಕ್ಕಳನ್ನ ಹೊಡೆದಾಡಿಸಿ ಸಾಯಿಸೋ ಆ ಆಟದಲ್ಲಿ ಗೆಲ್ತಾನೆ ಅನ್ನೋದು ಹಳೆಯ ಪುಸ್ತಕ ಓದಿದವರಿಗೆಲ್ಲಾ ಗೊತ್ತೇ ಇತ್ತು. ಕೊನೆ ಗೊತ್ತಿದ್ದೂ ಕಾದರು. ಗೆದ್ದವನು ಯಾಕೆ ಕುಡುಕನಾದ, ಏನೇನು ಕಳಕೊಂಡ ಅಂತ ತಿಳಿಯೋಕೆ ಕಾದರು. ದುರ್ಯೋಧನ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳತನಕ ಬಯಲಾಟ ನೋಡೋ ಮಂಡ್ಯ ಸೀಮೆಯ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾ?

ಹೇಳೇಬಿಡ್ತೀನಿ, ಕಾದವರಲ್ಲಿ ನಾನೂ ಒಬ್ಬಳು. ಹೌದು, ಐವತ್ತು ದಾಟಿದ, ಪಿಯು ಮಕ್ಕಳಿಗೆ ಪಂಪ ರನ್ನರನ್ನು ಪಾಠ ಮಾಡೋ ನಾನೇ. ನನ್ನ ತಂಗಿ ಮಗಳು "ದೊಡ್ಡಮ್ಮ, ನಾನು ಮೊದಲು, ಆಮೇಲೆ ನೀವು" ಅಂತ ಮುಂಚೆಯೇ ಕರಾರು ಮಾಡಿಕೊಂಡಿದ್ದಳು. ಆಗ ಪರೀಕ್ಷೆ ಡ್ಯೂಟಿ ಬೇರೆ. ಕೊನೆಯ ನೂರು ಪುಟ ರಾತ್ರಿ ಅಡುಗೆಮನೆಯ ದೀಪದಲ್ಲಿ ಕೂತು ಓದಿ, ಬೆಳಿಗ್ಗೆ ಊದಿದ ಕಣ್ಣು ಹೊತ್ತುಕೊಂಡು ಕಾಲೇಜಿಗೆ ಹೋದೆ. ಮನೆಯಲ್ಲಿ ಏನಾದರೂ ಆಯಿತಾ ಅಂತ ಸ್ಟಾಫ್ ರೂಮಿನಲ್ಲಿ ವಿಚಾರಿಸಿದರು. ಶೀತ ಅಂದೆ.

ಅಂದ ಹಾಗೆ ಆ ಪುಸ್ತಕ ಬಂದ ಮಾರ್ಚ್ 18 ಮಂಗಳವಾರ. ಅಮೆರಿಕದಲ್ಲಿ ಹೊಸ ಪುಸ್ತಕಗಳು ಸಾಮಾನ್ಯವಾಗಿ ಬರೋದೇ ಮಂಗಳವಾರ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದು ಅಂತಿದ್ದ ನಮ್ಮಮ್ಮ ಇದನ್ನ ಕೇಳಿದ್ದರೆ ಅವರ ಗತಿಗೆ ಅಯ್ಯೋ ಅಂದಿರೋರು.

ನಮ್ಮದು ಭಾನುವಾರ. ಬೆಳಿಗ್ಗೆ ಹತ್ತೂವರೆಗೆ. ಆಹ್ವಾನಪತ್ರಿಕೆ ವಾಟ್ಸಾಪಿಗೆ ಬರೋದು ಶುಕ್ರವಾರ ರಾತ್ರಿ. ಅದರಲ್ಲಿ ಪುಸ್ತಕದ ಹೆಸರನ್ನು ಭೂತಗನ್ನಡಿ ಹಿಡಿದು ಹುಡುಕಬೇಕು, ಅಷ್ಟು ಹೆಸರುಗಳು: ಉದ್ಘಾಟನೆ, ಅಧ್ಯಕ್ಷತೆ, ಲೋಕಾರ್ಪಣೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಉಪ್ಪಿಟ್ಟು ಕೇಸರಿಬಾತ್ ಆದಮೇಲೆ ವೇದಿಕೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನ ಎದೆಗೆ ಹಿಡಿದು, ಫೋಟೋದವನು ಇನ್ನೊಂದು ಸಲ ಅನ್ನೋವರೆಗೂ ನಗಬೇಕು. ಇದಾದ ಮೇಲೆ ಕೃತಿ ಪರಿಚಯ ಅನ್ನೋ ಘೋರ. ಪರಿಚಯಿಸುವವರು ಮೊದಲ ಅಧ್ಯಾಯದಿಂದ ಹಿಡಿದು ಕೊನೆಯ ಪುಟದವರೆಗೂ ಕಥೆ ಹೇಳಿ, "ಉಳಿದದ್ದನ್ನ ನೀವೇ ಓದಿ ತಿಳಿಯಬೇಕು" ಅಂತಾರೆ. ಉಳಿದಿರೋದು ಬೆನ್ನುಡಿ ಸ್ವಾಮಿ!

ಹದಿಹರೆಯದವರಿಗೆ ಅಂತಲೇ ಬರೆದ ಒಂದು ಕಾದಂಬರಿಯ ಇಂಥದ್ದೇ ಸಮಾರಂಭಕ್ಕೆ ಹೋಗಿದ್ದೆ. ಸಭೆಯಲ್ಲಿ ಆ ವಯಸ್ಸಿನವರು ಅಂತ ಇದ್ದದ್ದು ನಾಡಗೀತೆ ಹಾಡೋಕೆ ಕರೆಸಿದ್ದ ಮೂವರು ಹುಡುಗಿಯರು. ಹಾಡು ಮುಗಿದಮೇಲೆ ಅವರಿಗೆ ತಲಾ ಒಂದು ಪೆನ್ನು ಕೊಟ್ಟು ಕಳಿಸಿದರು. ಪುಸ್ತಕ ಕೊಡಲಿಲ್ಲ.

ಕನ್ನಡದಲ್ಲಿ ಬರೆಯೋರೇ ಇಲ್ಲ, ಇನ್ನು ಕಾಯೋದು ಯಾರನ್ನ ಅಂತ ಕೆಲವರು ರಾಗ ಎಳೀತಾರೆ. ಸುಳ್ಳು. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ 2021ಕ್ಕೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ಕ್ಕೆ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ಕ್ಕೆ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಮೂರೂ ಕಾದಂಬರಿಗಳೇ. ನನ್ನ ಕ್ಲಾಸಿನಲ್ಲಿ ಈ ಹೆಸರುಗಳನ್ನ ಹೇಳಿದರೆ ಪಿಳಿಪಿಳಿ ಕಣ್ಣು ಬಿಡ್ತಾರೆ. ಅವು ಬರ್ತಾ ಇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಬಂದಾಗಲೂ ಹೇಳಲಿಲ್ಲ. ಪ್ರಶಸ್ತಿ ಬಂದಾಗ ಪತ್ರಿಕೆಯಲ್ಲಿ ಲೇಖಕರ ಫೋಟೋ ಬಂತು. ಅಷ್ಟೇ.

ಕನ್ನಡದವರಿಗೆ ಕಾದು ಓದೋದು ಗೊತ್ತಿಲ್ಲ ಅನ್ನೋ ಮಾತಂತೂ ನನ್ನೆದುರು ಆಡಬೇಡಿ. 'ಸುಧಾ' ಶುರುವಾದದ್ದು 1965ರಲ್ಲಿ. ಅಲ್ಲಿಂದ ಎಷ್ಟು ವರ್ಷ ನಮ್ಮ ಮನೆಗಳಲ್ಲಿ ವಾರದ ಲೆಕ್ಕ ಇದ್ದದ್ದೇ ಧಾರಾವಾಹಿಯಿಂದ! ನಮ್ಮ ಚಿಕ್ಕಮ್ಮ ಪೇಪರಿನವನ ಸೈಕಲ್ ಬೆಲ್ಲಿಗೆ ಗೇಟಿನಲ್ಲೇ ನಿಂತಿರೋರು. ಅಮ್ಮ ಧಾರಾವಾಹಿಯ ಹಾಳೆಗಳನ್ನೆಲ್ಲಾ ಕಿತ್ತಿಟ್ಟುಕೊಂಡು, ಮುಗಿದಮೇಲೆ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡೋರು. ಒಂದರಲ್ಲಿ ಹದಿನೇಳನೇ ಕಂತು ಇಲ್ಲ. ಆ ವಾರದ ಸಂಚಿಕೆಯನ್ನ ಓದಿ ಕೊಡ್ತೀನಿ ಅಂತ ಒಯ್ದ ಪಕ್ಕದ ಮನೆಯವರನ್ನ ಅಮ್ಮ ಕೊನೆಯವರೆಗೂ ಕ್ಷಮಿಸಲಿಲ್ಲ.

ಅಷ್ಟು ಹಿಂದಕ್ಕೆ ಯಾಕೆ? ಇದೇ ಊರಿನ ಕುವೆಂಪುನಗರದಲ್ಲಿದ್ದ ಭೈರಪ್ಪನವರ 'ಆವರಣ' 2007ರಲ್ಲಿ ಬಿಡುಗಡೆಗೆ ಮೊದಲೇ ಖಾಲಿಯಾಯಿತಲ್ಲ? ಅವರ ವಿಚಾರಗಳ ಬಗ್ಗೆ ಇಲ್ಲಿ ಜಗಳ ಬೇಡ, ನನಗೂ ತಕರಾರಿದೆ. ಆದರೆ ಜನ ಕಾದರಲ್ಲ, ಅದು ನಿಜ ತಾನೇ? ದೊಡ್ಡವರಿಗಾದರೆ ಆಗುತ್ತೆ, ಹತ್ತನೇ ಕ್ಲಾಸಿನವರಿಗೆ ಯಾಕಾಗಲ್ಲ?

ಇದನ್ನೇ ಪ್ರಕಾಶಕ ಮಿತ್ರರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಅವರ ಕಷ್ಟ ಅವರಿಗೆ. "ಮೇಡಂ, ಸಾವಿರ ಪ್ರತಿ ಹಾಕ್ತೀವಿ. ಗ್ರಂಥಾಲಯದ ಸಗಟು ಖರೀದಿಗೆ ಹೋಗೋದು ಬಿಟ್ಟರೆ ಮಿಕ್ಕಿದ್ದು ಗೋಡೌನಿನಲ್ಲಿ. ನೀವು ಒಂಬತ್ತು ತಿಂಗಳು ಮುಂಚೆ ಹೇಳಿ ಅಂತೀರಲ್ಲ, ಒಂಬತ್ತು ದಿನ ಮುಂಚೆ ನನಗೇ ಗೊತ್ತಿರಲ್ಲ, ಪೇಪರ್ ರೇಟು, ಡಿಟಿಪಿ, ಕರಡು ತಿದ್ದೋರು ಊರಿಗೆ ಹೋಗಿರ್ತಾರೆ" ಅಂದರು. ಸರಿ, ಸಾವಿರ ಪ್ರತಿಯೇ ಇರಲಿ. ತಾರೀಕು ಹೇಳೋಕೆ ಯಾವ ಪೇಪರ್ ರೇಟು ಬೇಕು? ಮುಖಪುಟವನ್ನ ತಿಂಗಳು ಮುಂಚೆ ತೋರಿಸಿ, ಮೊದಲ ಅಧ್ಯಾಯವನ್ನ ನಾಲ್ಕು ಶಾಲೆಗೆ ಕಳಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಿಬಿಟ್ಟರೆ ಆ ಮಕ್ಕಳೇ ನಿಮ್ಮ ಅಂಗಡಿ ಬಾಗಿಲು ಬಡೀತಾರೆ. ದೊಡ್ಡವರ ಕಾದಂಬರಿಗೆ ಈಗೀಗ ಮುಂಗಡ ಬುಕಿಂಗ್ ಮಾಡೋ ಕನ್ನಡ ಪ್ರಕಾಶಕರು ಇದ್ದಾರಲ್ಲ, ಅವರಿಗೆಲ್ಲಿಂದ ಬಂತು ಪುರುಸೊತ್ತು? ಇದನ್ನೆಲ್ಲಾ ಒಂದೇ ಉಸಿರಿಗೆ ಹೇಳಿದೆ. ಪಾಠ ಮಾಡಿ ಅಭ್ಯಾಸ ನೋಡಿ, ಎದುರಿನವರಿಗೆ ಬಾಯಿ ಬಿಡೋಕೆ ಬಿಡಲ್ಲ.

ಅವರ ಹತ್ತಿರ ಹದಿಮೂರರಿಂದ ಹದಿನಾರರವರಿಗೆ ಒಳ್ಳೆಯ ಹಸ್ತಪ್ರತಿ ಒಂದಿದೆಯಂತೆ. ಹಾಸ್ಟೆಲಿನ ಕಥೆ. ಕೇಳಿದ ಕೂಡಲೇ ನನಗೆ ಆಸೆ ಹತ್ತಿಬಿಟ್ಟಿತು. ಯಾವಾಗ ತರ್ತೀರಿ, ತಾರೀಕು ಹೇಳಿ, ಈಗಲೇ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೀತೀನಿ ಅಂದೆ.

"ದಸರಾ ಕಳೀಲಿ, ನೋಡೋಣ ಮೇಡಂ."

ಯಾವ ವರ್ಷದ ದಸರಾ ಅಂತ ಕೇಳೋಷ್ಟರಲ್ಲಿ ಫೋನ್ ಇಟ್ಟರು.