ಮೂರನೇ ಬಾರ್‌ನಲ್ಲಿ ಕೈ ಸರಿಸಿ
ಪಿಯಾನೋ ಕಲಿಯುವ ಹೊಸಬರಿಗೆ ನೀವು ಜಿ ಮೇಜರ್ ಮಿನ್ಯುಯೆಟ್ (ಮೂರೆಣಿಕೆಯ ನೃತ್ಯಲಯದ ಕಿರು ರಚನೆ) ಅನ್ನು ಮೊದಲ ದಿನದಿಂದಲೇ ಎರಡೂ ಕೈ ಕೂಡಿಸಿ ನುಡಿಸಿ ಅಂದಿದ್ದೀರಿ. ಹೊಸಬರು ಎಡವುವುದೇ ಅಲ್ಲಿ. 32 ಬಾರ್‌ಗಳಲ್ಲಿ (ಬಾರ್ ಅಂದರೆ ಇಲ್ಲಿ ಮೂರು ಎಣಿಕೆಯ ಒಂದು ತುಂಡು) ಮೊದಲ 8 ಬಾರ್, ಅದೂ ಬಲಗೈ ಮಾತ್ರ, ಮೂರ್ನಾಲ್ಕು ದಿನಕ್ಕೆ ಧಾರಾಳವಾಯಿತು.

ಮೊದಲ ಸ್ವರ ಡಿಗೆ ಕಿರುಬೆರಳು, ಆಮೇಲೆ ಜಿ-ಎ-ಬಿ-ಸಿಗೆ ಹೆಬ್ಬೆರಳಿನಿಂದ ಒಂದೊಂದೇ ಬೆರಳು. ಇಲ್ಲಿ ಕೈ ಕದಲುವ ಹಾಗೇ ಇಲ್ಲ. ತೊಡಕು ಶುರುವಾಗುವುದು 3ನೇ ಬಾರ್‌ನ ಇ ಸ್ವರದಿಂದ. ಅದನ್ನು ಕಿರುಬೆರಳು ಚಾಚಿ ಒತ್ತಿಬಿಟ್ಟರೆ ಮುಂದಿನ ಎಫ್ ಶಾರ್ಪ್‌ಗೆ (ಎಫ್ ಪಕ್ಕದ ಬಲಬದಿಯ ಕಪ್ಪು ಕೀಲಿಗೆ) ಬೆರಳೇ ಉಳಿಯುವುದಿಲ್ಲ. 2ನೇ ಬಾರ್‌ನ ಕೊನೆಯ ಜಿ ಬಿಟ್ಟ ಕೂಡಲೇ ಇಡೀ ಕೈ ಬಲಕ್ಕೆ ಸರಿಯಬೇಕು: ಇಗೆ ನಡುಬೆರಳು, ಸಿಗೆ ಹೆಬ್ಬೆರಳು. ಆಗ ಎಫ್ ಶಾರ್ಪ್ ಉಂಗುರ ಬೆರಳಿಗೆ, ಮೇಲಿನ ಜಿ ಕಿರುಬೆರಳಿಗೆ ತಾನಾಗಿ ಸಿಗುತ್ತದೆ. ಈ ಜಿಗಿತವೊಂದನ್ನೇ ಹತ್ತು ಸಲ ಮಾಡಿ.

ಎಡಗೈಗೆ 2ರಿಂದ 6ನೇ ಬಾರ್‌ವರೆಗೆ ಬಾರ್‌ಗೊಂದೇ ಸ್ವರ: ಬಿ, ಸಿ, ಬಿ, ಎ, ಜಿ. ಸುಲಭ ಅನಿಸುತ್ತದೆ, ಆದರೆ ಬಲಗೈ ಓಡುವಾಗ ಎಡಗೈ ಎರಡನೇ ಎಣಿಕೆಗೇ ಎದ್ದುಬಿಡುತ್ತದೆ. ಮೂರೂ ಎಣಿಕೆ ಒತ್ತಿ ಹಿಡಿಯಬೇಕು. ಲಯ ತೋರಿಸುವ ಮೆಟ್ರೋನೋಮ್ ನಿಮಿಷಕ್ಕೆ 60 ಎಣಿಕೆಯಲ್ಲಿರುವಾಗ ತಪ್ಪದಿದ್ದರೆ ಮಾತ್ರ 66ಕ್ಕೆ ಏರಿಸಿ.

ಅಂದ ಹಾಗೆ, ಈ ಮಿನ್ಯುಯೆಟ್ ಹಲವರು ಅಂದುಕೊಂಡಂತೆ ಜರ್ಮನ್ ಸಂಗೀತಗಾರ ಬಾಖ್‌ನ ರಚನೆಯಲ್ಲ, ಕ್ರಿಸ್ಟಿಯನ್ ಪೆಟ್ಜೋಲ್ಡ್‌ನದು. ಬಾಖ್‌ನ ಹೆಂಡತಿ ಅನ್ನಾ ಮಗ್ದಲೇನಾಳ 1725ರ ಸಂಗೀತ ಪುಸ್ತಕದಲ್ಲಿ ಇದ್ದದ್ದರಿಂದ ಆ ಗೊಂದಲ.