ಇಷ್ಟಕ್ಕಾ?

"ಇಷ್ಟಕ್ಕಾ?" ಅಂದರು ಡಾಕ್ಟರು. ಒಂದೇ ಮಾತು. ಬೆಳಗ್ಗೆಯಿಂದ ಕಿವಿಯಲ್ಲೇ ಕೂತಿದೆ.

ಅಂಗಿ ಎತ್ತಿ ಹಿಡಿದು ನಿಂತಿದ್ದೆ. ಬಾಗಿಲು ಅರ್ಧ ತೆರೆದೇ ಇತ್ತು. ಮುಂದಿನ ಟೋಕನ್‌ನವರು ಆಗಲೇ ಒಳಗೆ ಬಂದು ನಿಂತಿದ್ದರು. ಡಾಕ್ಟರು ಎಡಪಕ್ಕೆ ನೋಡಿದರು. ಗುಳ್ಳೆ ಇಲ್ಲ, ಕೀವಿಲ್ಲ, ಮಾಸಿದ ಕಲೆ ಅಷ್ಟೇ. "ಚೆನ್ನಾಗಿ ಮಾಯ್ದಿದೆಯಲ್ಲ, ನೋವೆಲ್ಲಿ?" ಅನ್ನುತ್ತಾ ಬೆರಳ ತುದಿಯಲ್ಲಿ ಸವರಿದರು. ಸವರಿದ್ದಷ್ಟೇ, ಒತ್ತಲಿಲ್ಲ. ನಾನು ಕಿರುಚಿಬಿಟ್ಟೆ. 58 ವರ್ಷದವನು! ಹೊರಗೆ ಯಾವುದೋ ಮಗು ಬೆಚ್ಚಿ ಅಳಲು ಶುರು ಮಾಡಿತು. ಆಗ ಬಂತು ಆ ಮಾತು. ಪಕ್ಕದಲ್ಲಿ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಈಗ ಉರಿಯುತ್ತಿರುವುದು ಅದೇ. ನಾನ್ಯಾಕೆ ನಕ್ಕೆ?

ಹೌದು ಸ್ವಾಮಿ, ಇಷ್ಟಕ್ಕೇ. ಸರ್ಪಸುತ್ತು ಮಾಯ್ದಿದ್ದು ಚರ್ಮದ ಮೇಲೆ. ವೈರಸ್ ಕೆಡಿಸಿದ್ದು ಒಳಗಿನ ನರವನ್ನು. ಚಿಕ್ಕಂದಿನ ಚಿಕನ್‌ಪಾಕ್ಸ್ ವೈರಸ್ಸೇ ಬೆನ್ನುಹುರಿ ಪಕ್ಕದ ನರದ ಗಂಟಿನಲ್ಲಿ ಇಷ್ಟು ವರ್ಷ ಮಲಗಿದ್ದು ಎದ್ದಿದೆ. ಗುಳ್ಳೆ ಬಂದು 90 ದಿನ ಕಳೆದರೂ ನೋವು ಹೋಗದಿದ್ದರೆ ಅದಕ್ಕೆ ಬೇರೆ ಹೆಸರೇ ಇದೆ. ನನಗೆ ಇದು ಏಳನೇ ತಿಂಗಳು. ಸ್ಕ್ಯಾನಿನಲ್ಲಿ ಕಾಣಲ್ಲ. ಹಾಗಾಗಿ ನಾಟಕ, ಅಲ್ವಾ?

ಅವರದೇ ತಪ್ಪು ಅಂತಲೂ ಅಲ್ಲ ಬಿಡಿ. ಹೊರಗೆ 40 ಜನ ಕಾಯುತ್ತಿದ್ದರು. ಆ ಸಾಲು ಉದ್ದ ಮಾಡಿದವರಲ್ಲಿ ನಾನೂ ಒಬ್ಬ. ಮೊದಲು ಎದೆನೋವು ಅಂತ ಇಸಿಜಿ. ಆಮೇಲೆ ಎಕ್ಸ್‌ರೇ. ಆಮೇಲೆ ಉಳುಕು ಅಂತ ಮುಲಾಮು. ಗುಳ್ಳೆ ಎದ್ದ ದಿನ ಫೋನ್ ಮಾಡಿದರೆ, "ಅಲರ್ಜಿ ಇರಬೇಕು, ಸೋಮವಾರ ಬನ್ನಿ." ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕಿತ್ತಂತೆ. ಸೋಮವಾರ ಅಂದರೆ ಐದನೇ ದಿನ. ಈ "ಅಂತೆ" ನನ್ನ ಕಿವಿಗೆ ಬಿದ್ದಿದ್ದು ಮೂರು ತಿಂಗಳಾದ ಮೇಲೆ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ ಇದೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ಬಿಪಿ ನೋಡಿಸಲು ತಿಂಗಳು ತಿಂಗಳು ಹೋಗುತ್ತಿದ್ದೆನಲ್ಲ, ಒಬ್ಬರಾದರೂ ಯಾಕೆ ಬಾಯಿ ಬಿಡಲಿಲ್ಲ? ಯಾರಾದರೂ ಉತ್ತರ ಕೊಡಿ. ಯಾರಾದರೂ ಸರಿ.

ಈಗ ನನ್ನ ಅವತಾರ ನೋಡಬೇಕು. ಎರಡು ಬೆರಳಲ್ಲಿ ಅಂಗಿಯನ್ನು ಮೈಯಿಂದ ದೂರ ಹಿಡಿದು ನಡೆಯುತ್ತೇನೆ, ಬೇರೆ ಯಾರದ್ದೋ ಅಂಗಿ ಕದ್ದು ಹಾಕಿಕೊಂಡವನ ಹಾಗೆ. ಫ್ಯಾನಿನ ಗಾಳಿಗೆ ಹೆದರಿ ಮೂಲೆ ಸೇರುತ್ತೇನೆ. ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ ನುಂಗಿದರೆ ನೋವು ಸ್ವಲ್ಪ ಕಮ್ಮಿ, ತೂಕಡಿಕೆ ಜಾಸ್ತಿ. ನಿನ್ನೆ ಫೋನಿನಲ್ಲಿ ಮಾತಾಡುತ್ತಲೇ ಗೊರಕೆ ಹೊಡೆದೆನಂತೆ.

ಆ ಡಾಕ್ಟರ ಹತ್ತಿರ ಸಾಯುವವರೆಗೂ ಕಾಲಿಡಲ್ಲ.

ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತದೆ. ಚೀಟಿ ಬರೆಯುವವರು ಅವರೇ. ಗುರುವಾರಕ್ಕೆ ಟೋಕನ್ ತಗೊಂಡಿದ್ದೇನೆ. ಬಾಗಿಲು ಮಾತ್ರ ಈ ಸಲ ನಾನೇ ಹಾಕುತ್ತೇನೆ.