ಕೇಳೋದನ್ನ ನೆಟ್ಟಗೆ ಕೇಳಿ

ದಾವಣಗೆರೆಯವರಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ದೋಸೆ ಹೋಟೆಲಿನಲ್ಲಿ ನಮ್ಮನ್ನು ನೋಡಬೇಕು. ಖಾಲಿ ದೋಸೆನಾ, ಓಪನ್ ದೋಸೆನಾ, ಬೆಣ್ಣೆ ಇನ್ನೊಂಚೂರು ಹಾಕ್ತೀರಾ, ಪಲ್ಯ ಬೇರೆ ಕೊಡ್ತೀರಾ? ಒಂದೂ ಗುರಿ ತಪ್ಪುವುದಿಲ್ಲ. ಇದೇ ಜನ ಭವಿಷ್ಯ ಕೇಳಲು ಕೂತರೆ ಮಾತ್ರ, "ನಂಗೆ ಒಳ್ಳೇದಾಗ್ತದಾ?" ಅಂದುಬಿಡುತ್ತಾರೆ. ದೋಸೆ ಭಟ್ಟರನ್ನು ಹೀಗೆ ಕೇಳಿದರೆ ಅವರಾದರೂ ಏನು ಹೇಳಿಯಾರು?

ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಅಕ್ಕನ ಮಗಳು ಟ್ಯಾರೋ ಕಾರ್ಡು, ಅಂದರೆ ಭವಿಷ್ಯ ಕೇಳಲು ಬಳಸುವ ಚಿತ್ರದ ಕಾರ್ಡು, ನೋಡುತ್ತಾಳೆ. ಭಾನುವಾರ ಅವಳ ಮನೆಯಲ್ಲಿ ಕೂತು ಬಂದವರ ಪ್ರಶ್ನೆ ಕೇಳಿಸಿಕೊಳ್ಳುವುದು ನನಗೊಂದು ಚಟ. ಕಾರ್ಡಿನಲ್ಲಿ ನನಗೆ ನಂಬಿಕೆ ಕಡಿಮೆ. ಪ್ರಶ್ನೆಗಳಲ್ಲಿ ಜಾಸ್ತಿ.

"ಮಗನಿಗೆ ಕೆಲಸ ಯಾವಾಗ ಸಿಗ್ತದೆ?" ಅಂತ ಒಬ್ಬರು. "ಕೆಲಸ ಹುಡುಕ್ತಾ ಇರೋದು ಅವನಲ್ವಾ ಆಂಟಿ? ನೀವು ಅವನಿಗೆ ಹೇಗೆ ಆಸರೆ ಆಗಬಹುದು ಅಂತ ಕೇಳಿ" ಅನ್ನುತ್ತಾಳೆ ಇವಳು. ಆಂಟಿಗೆ ಇದು ಅಷ್ಟು ಹಿಡಿಸುವುದಿಲ್ಲ. ಇನ್ನೊಬ್ಬರು ದನಿ ತಗ್ಗಿಸಿ, "ಪಕ್ಕದ ಮನೆಯವರು ನಮಗೇನಾದ್ರೂ ಮಾಡಿಸಿದ್ದಾರಾ?" ಅನ್ನುತ್ತಾರೆ. ಆಗ ಇವಳು ಕಾರ್ಡು ಕಟ್ಟಿಟ್ಟು ಕಾಫಿಗೆ ಏಳುತ್ತಾಳೆ. ರೋಗ, ಕೋರ್ಟು ಕೇಸಿಗೂ ಕಾರ್ಡು ಎತ್ತುವುದಿಲ್ಲ. ಡಾಕ್ಟರು, ವಕೀಲರು ಇರೋದ್ಯಾಕೆ ಅಂತ ಅವಳ ವಾದ. ಬೇಕಾದ ಕಾರ್ಡು ಬರುವ ತನಕ ಅದನ್ನೇ ತಿರುಗಿಸಿ ಮುರುಗಿಸಿ ಕೇಳುವವರೂ ಇದ್ದಾರೆ. ಅವರಿಗೆ ಬೇಕಾಗಿರುವುದು ಉತ್ತರ ಅಲ್ಲ, ಸಹಿ.

ನಮಗೆ ಅಭ್ಯಾಸವಾಗಿರುವುದು ಗುಡಿಯಲ್ಲಿ ಹೂ ಕೇಳುವುದು. ಬಲಕ್ಕೆ ಬಿದ್ದರೆ ಆಯ್ತು, ಎಡಕ್ಕೆ ಬಿದ್ದರೆ ಇಲ್ಲ. ಮೈಲಾರದ ಕಾರ್ಣಿಕವೋ, ಯಾರೂ ಏನೂ ಕೇಳದೆಯೇ ಬರುವ ಉತ್ತರ. ಗೊರವಯ್ಯ ಬಿಲ್ಲೇರಿ ಒಂದು ಸಾಲು ನುಡಿದರೆ ಸಾಕು, ಮಳೆ ಬೆಳೆಯಿಂದ ಮಂತ್ರಿಗಿರಿಯವರೆಗೆ ಎಲ್ಲವನ್ನೂ ಅದರೊಳಗೆ ತುರುಕುತ್ತೇವೆ.

ಟ್ಯಾರೋ ಇವೆರಡರ ಜಾತಿಗೂ ಸೇರಿದ್ದಲ್ಲ. 15ನೇ ಶತಮಾನದ ಇಟಲಿಯಲ್ಲಿ ಅದು ಸುಮ್ನೆ ಒಂದು ಇಸ್ಪೀಟಿನಂಥ ಆಟ. 18ನೇ ಶತಮಾನದಲ್ಲಿ ಫ್ರಾನ್ಸಿನವರು ಅದನ್ನು ಭವಿಷ್ಯಕ್ಕೆ ಎಳೆದರು. ಅಕ್ಕನ ಮಗಳ ಹತ್ತಿರ ಇರುವುದು 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟು. ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಅದರ 78 ಕಾರ್ಡಿಗೂ ಚಿತ್ರ ಬರೆದಿದ್ದಾಳೆ. ಚಿತ್ರಕ್ಕೆ ಹೌದು, ಇಲ್ಲ ಅನ್ನಲು ಬಾಯಿ ಎಲ್ಲಿದೆ? "ಏನು", "ಹೇಗೆ" ಅಂತ ಕೇಳಿದರೆ ಮಾತ್ರ ಅದನ್ನು ನೋಡುತ್ತಾ ನಮ್ಮ ತಲೆ ಓಡುತ್ತದೆ.

ಮೊನ್ನೆ ಮಂಡಿಪೇಟೆಯ ಹಿರಿಯರೊಬ್ಬರು ಸೈಟಿನ ವಿಚಾರಕ್ಕೆ ಬಂದಿದ್ದರು. ಮಾರ್ಲಾ, ಬೇಡ್ವಾ? ಇವಳು ತಾಳ್ಮೆಯಿಂದ ಪ್ರಶ್ನೆ ತಿದ್ದಿಸಿದಳು. "ಸೈಟು ಮಾರೋ ಮುಂಚೆ ನಾನು ಏನನ್ನ ಯೋಚನೆ ಮಾಡಬೇಕು?" ಮಗ್ಗಿ ಒಪ್ಪಿಸಿದ ಹಾಗೆ ಹೇಳಿ ಅವರೇ ಕಾರ್ಡು ಎತ್ತಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎರಡು ಕತ್ತಿ ಅಡ್ಡ ಹಿಡಿದು ಕೂತ ಹೆಂಗಸು. ತೀರ್ಮಾನ ಮುಂದೂಡುತ್ತಾ ಕೂರುವವರ ಕಾರ್ಡದು. ಕಾಗದಪತ್ರ ಸರಿ ಇದೆಯಾ, ದುಡ್ಡು ಯಾತಕ್ಕೆ ಬೇಕು, ಮಕ್ಕಳಿಗೆ ಹೇಳಿದ್ದೀರಾ ಅಂತ ಇವಳು ಒಂದೊಂದೇ ಕೇಳಿದಳು. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ನಿಂತು ಅಂದರು:

"ಅದೆಲ್ಲ ಸರಿ ಕಣವ್ವ. ಈಗ ಮಾರ್ಲಾ, ಬೇಡ್ವಾ?"